ಮಾವನ ಮಾತಿಗೊಂದು ಸ್ಲಾಟ್, ಆಪತ್ತಿಗೊಂದು ಸ್ಲಾಟ್

ಹಿನ್ನೀರಿನ ದಡದಲ್ಲಿ ಒಂಬತ್ತು ದೋಣಿ, ಒಂಬತ್ತು ವಾಕಿಟಾಕಿ. ಮಾತು ಮಾತ್ರ ಒಬ್ಬರದೇ. ದೋಣಿ ಸಂಘದ ಹಿರಿಯರನ್ನು ಊರೆಲ್ಲ ‘ಮಾತಿನ ಮಾವ’ ಎಂದೇ ಕರೆಯುತ್ತಿತ್ತು. ಬೆಳಗ್ಗೆ ಗುಂಡಿ ಒತ್ತಿದರೆ ಗಾಳಿ ಯಾವ ಕಡೆಗಿದೆ, ಯಾರ ಬಲೆ ಹರಿದಿದೆ, ತಮ್ಮ ಕಾಲದ ಮೀನು ಎಷ್ಟು ಉದ್ದವಿತ್ತು, ಎಲ್ಲ ಹೇಳಿ ಮುಗಿಸುವ ಹೊತ್ತಿಗೆ ಬಿಸಿಲೇರುತ್ತಿತ್ತು.

ಸೋಮವಾರ ಮಾವ ಬಲೆ ಹೊಲಿಯುವ ವಿದ್ಯೆ ವಿವರಿಸುತ್ತಿದ್ದಾಗಲೇ ಅವರ ಮಗನ ದೋಣಿಯ ಎಂಜಿನ್ ನಡುನೀರಿನಲ್ಲಿ ನಿಂತಿತು. ದೋಣಿಯಲ್ಲಿ ಆಚೆ ದಡಕ್ಕೆ ಹೊರಟ ಹನ್ನೆರಡು ಪ್ರಯಾಣಿಕರು. ಮಗ ಗುಂಡಿ ಒತ್ತಿದಾಗಲೆಲ್ಲ ವಾಕಿಟಾಕಿ ‘ಟೊಂಯ್’ ಎಂದು ಗದರಿಸಿತು, ದಾರಿ ಖಾಲಿ ಇಲ್ಲ ಎಂದು. ಎರಡು ಗಂಟೆ ತೇಲಿದ ಮೇಲೆ ಮೀನು ಹಿಡಿಯುವ ದೋಣಿಯೊಂದು ಅವರನ್ನು ಕಂಡು ದಡಕ್ಕೆ ಎಳೆದು ತಂದಿತು. ಮನೆಗೆ ಬಂದ ಮಗ ವಾಕಿಟಾಕಿಯನ್ನು ಅಡುಗೆಮನೆಯ ಕಪಾಟಿಗೆ ಸೇರಿಸಿದ.

“ನಾಳೆಯಿಂದ ಇದನ್ನ ತಗೊಂಡು ಹೋಗಲ್ಲ. ಇದ್ರೂ ಒಂದೇ, ಇಲ್ದಿದ್ರೂ ಒಂದೇ.”

ಮಾವ ಊಟದ ತಟ್ಟೆ ಪಕ್ಕಕ್ಕೆ ಸರಿಸಿದರು. ಇನ್ನೊಮ್ಮೆ ಎಂಜಿನ್ ನಿಂತರೆ, ಕೈಯಲ್ಲಿ ಅದೂ ಇಲ್ಲದಿದ್ದರೆ? ಅವರಿಗೆ ನಿಜಕ್ಕೂ ಹೆದರಿಕೆಯಾಯಿತು.

“ಇನ್ನು ಬಾಯಿಗೆ ಬೀಗ ಹಾಕ್ಕೊಳ್ತೀನಿ” ಎಂದರು. ಮನೆಯಲ್ಲಿ ಯಾರೂ ನಂಬಲಿಲ್ಲ.

ಸೊಸೆ ವೈರ್‌ಲೆಸ್ ರಿಪೇರಿ ಕಲಿತವಳು. ಊಟದ ಮೇಜು ಒರೆಸಿ, ಲ್ಯಾಪ್‌ಟಾಪ್ ತೆರೆದು, ಮಾವನ ವಾಕಿಟಾಕಿಗೆ ಕೇಬಲ್ ಚುಚ್ಚಿದಳು.

“ಬೀಗ ಬೇಡ ಮಾವ. ನಮ್ಮ ಮಾತು ಹಿಡಿದು ದೂರಕ್ಕೆ ಕಳಿಸೋ, ಗುಡ್ಡದ ಮೇಲಿರೋ ಡಿಜಿಟಲ್ ರಿಪೀಟರ್‌ಗೆ ಎರಡು ಸ್ಲಾಟ್ ಇದೆ, ಅಂದ್ರೆ ಎರಡು ಮಾತಿಗೆ ಎರಡು ದಾರಿ. ನಾವು ಒಂದನ್ನೇ ಬಳಸ್ತಿದೀವಿ.”

“ಇರೋದು ಒಂದು ಪೆಟ್ಟಿಗೆ. ಒಂದೇ ಸಲ ಎರಡು ಮಾತು ಹೆಂಗೆ ಹೋಗುತ್ತೆ? ನನ್ನ ಕಿವಿ ಮೇಲೆ ಹೂ ಇಡಬೇಡಮ್ಮ.”

“ಕಾದ ಕಬ್ಬಿಣಕ್ಕೆ ಇಬ್ಬರು ಸುತ್ತಿಗೆ ಹಿಡಿದು ಹೊಡೀತಾರಲ್ಲ. ಒಬ್ಬರದು ಇಳಿಯುವಾಗ ಇನ್ನೊಬ್ಬರದು ಮೇಲಿರುತ್ತೆ. ಒಂದಕ್ಕೊಂದು ತಾಗುತ್ತಾ? ಇದೂ ಹಾಗೇ. ಒಂದು ಸೆಕೆಂಡಲ್ಲಿ ಮೂವತ್ತಕ್ಕೂ ಹೆಚ್ಚು ಸಲ ಸರದಿ ಬದಲಾಗುತ್ತೆ. ಕಿವಿಗೆ ಗೊತ್ತೇ ಆಗಲ್ಲ.”

“ಮತ್ತೆ ಎಲ್ಲರೂ ಒಂದರಲ್ಲೇ ಯಾಕೆ ಬಿದ್ದಿದೀವಿ?”

“ರಿಪೀಟರ್ ಹಾಕಿದ ದಿನ ‘ನನ್ನ ಸೆಟ್ಟು ಚೆನ್ನಾಗಿದೆ, ಅದನ್ನೇ ಎಲ್ಲದಕ್ಕೂ ಕಾಪಿ ಹೊಡೀರಿ’ ಅಂದಿದ್ದು ಯಾರು?”

ಮಾವ ಮೀಸೆ ತುರಿಸಿಕೊಂಡರು. ಅಂದು ಸ್ಲಾಟ್ ಜೊತೆಗೆ ಅವರ ಐಡಿ ನಂಬರೂ ಕಾಪಿಯಾಗಿತ್ತು. ಯಾರು ಕರೆದರೂ ಪರದೆಯ ಮೇಲೆ ಮಾವನ ನಂಬರೇ ಬರುತ್ತಿತ್ತು. ಅದು ಹಿರಿತನಕ್ಕೆ ಸಂದ ಮರ್ಯಾದೆ ಎಂದು ಇಷ್ಟು ದಿನ ತಿಳಿದಿದ್ದರು.

ಸೊಸೆ ಒಂದೊಂದಾಗಿ ಎಲ್ಲ ಸೆಟ್ಟಿನಲ್ಲೂ ಎರಡು ಚಾನೆಲ್ ಮಾಡಿದಳು. ರಿಪೀಟರ್ ಕಳಿಸುವ ಫ್ರೀಕ್ವೆನ್ಸಿಯಲ್ಲಿ ನಾವು ಕೇಳಬೇಕು, ಅದು ಕೇಳುವುದರಲ್ಲಿ ನಾವು ಕಳಿಸಬೇಕು. ಕಲರ್ ಕೋಡ್ ಎಂಬ ಸಂಖ್ಯೆ ರಿಪೀಟರಿನದೇ ಇರಬೇಕು. ಇವು ಎರಡೂ ಚಾನೆಲ್‌ಗೆ ಒಂದೇ. ಮೊದಲನೆಯದಕ್ಕೆ ಸ್ಲಾಟ್ ಒಂದು, ದಿನದ ಮಾತಿಗೆ. ಎರಡನೆಯದಕ್ಕೆ ಸ್ಲಾಟ್ ಎರಡು, ಕರೆ ಯಾರಿಗೆ ಕೇಳಬೇಕೆಂದು ಗೊತ್ತುಮಾಡುವ ಗುಂಪಿನ ನಂಬರೂ ಬೇರೆ, ಆಪತ್ತಿಗೆ ಮಾತ್ರ. ಪ್ರತಿ ಸೆಟ್ಟಿಗೂ ಅದರದೇ ಐಡಿ. ದಡದಲ್ಲಿ ಟಿಕೆಟ್ ಕೊಡುವ ಅಕ್ಕನ ಮೇಜಿನ ಮೇಲೆ ಹೊಸದೊಂದು ಸೆಟ್ಟು ಸದಾ ಎರಡನೇ ಚಾನೆಲ್‌ನಲ್ಲೇ ಇರಬೇಕೆಂದು ಗೊತ್ತುಮಾಡಿದರು.

ಮಗ ಮುಖ ಊದಿಸಿಕೊಂಡೇ ಇದ್ದ. ಮಾವ ಅವನ ಸೆಟ್ಟನ್ನು ತಾವೇ ಅವನ ಕೈಗಿಟ್ಟರು.

“ನನಗೋಸ್ಕರ ತಗೊಂಡು ಹೋಗಪ್ಪ.”

ಶುಕ್ರವಾರ ಮಗ ಎಂದಿಗಿಂತ ಬೇಗ ಮನೆಗೆ ಬಂದ. ಬಟ್ಟೆಗೆಲ್ಲ ಗ್ರೀಸ್, ಮುಖದಲ್ಲಿ ನಗು.

“ಅಪ್ಪ, ನಡುನೀರಲ್ಲಿ ಎಂಜಿನ್ ಬೆಲ್ಟ್ ಕಿತ್ತೋಯ್ತು. ನಾಬ್ ತಿರುಗಿಸಿ ಎರಡನೇ ಚಾನೆಲ್‌ಗೆ ಹೋಗಿ ಕರೆದೆ. ಅಕ್ಕ ಕೇಳಿಸ್ಕೊಂಡ್ರು. ಹತ್ತು ನಿಮಿಷಕ್ಕೆ ದೋಣಿ ಬಂತು.”

“ನಾನಾಗ ಏನು ಮಾಡ್ತಿದ್ದೆ?”

“ಮಾತಾಡ್ತಾನೇ ಇದ್ರಿ.”

ಮಾವ ಹೊಟ್ಟೆ ಹಿಡಿದು ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು. ಮಗನ ಭುಜದ ಮೇಲಿಟ್ಟ ಕೈಯನ್ನು ಬಹಳ ಹೊತ್ತು ತೆಗೆಯಲಿಲ್ಲ.

ಬಂಧುಗಳೇ, ನಿಮ್ಮ ದೋಣಿಯ, ಆಂಬುಲೆನ್ಸಿನ, ಕಾವಲು ಪಡೆಯ ಸೆಟ್ಟುಗಳು ಯಾವ ಸ್ಲಾಟ್‌ನಲ್ಲಿವೆ? ಇವತ್ತೇ ವಿಚಾರಿಸಿ. ರಿಪೀಟರ್ ನೋಡಿಕೊಳ್ಳುವವರಿಂದ ಫ್ರೀಕ್ವೆನ್ಸಿ, ಕಲರ್ ಕೋಡ್, ಗುಂಪಿನ ನಂಬರ್ ಬರೆಸಿಕೊಳ್ಳಿ. ಕಾಪಿ ಹೊಡೆದರೂ ಐಡಿ ಬದಲಿಸಲು ಮರೆಯಬೇಡಿ. ಇಬ್ಬರು ಒಂದೊಂದು ಸ್ಲಾಟ್ ಹಿಡಿದು ಒಂದೇ ಹೊತ್ತಿಗೆ ಮಾತಾಡಿ ನೋಡಿ. ನಿಮ್ಮ ಮನೆಯ ಮಾತುಗಾರರ ಬಾಯಿ ಮುಚ್ಚಿಸುವುದು ಬೇಡ. ನೀರಿನ ನಡುವೆ ಕೂಗುತ್ತಿರುವವರಿಗೆ ಒಂದು ದಾರಿ ಖಾಲಿ ಬಿಡಿ.