ಕತ್ತರಿಯಕ್ಕನ ಕಣ್ಣು

ಶಾಲೆಗಳಿಗೂ ಆಸ್ಪತ್ರೆಗಳಿಗೂ ಸಮವಸ್ತ್ರ ಹೊಲಿದುಕೊಡುವ ಆ ಅಂಗಡಿಯಲ್ಲಿ ಒಂಬತ್ತು ಜನ. ಹದಿನೆಂಟು ವರ್ಷದಿಂದ ಬಟ್ಟೆ ಕತ್ತರಿಸುತ್ತಿದ್ದವಳನ್ನು ಎಲ್ಲರೂ ಕತ್ತರಿಯಕ್ಕ ಎನ್ನುತ್ತಿದ್ದರು. ಅವಳು ಕತ್ತರಿಸಿದ ಕಾಲರನ್ನು ಅಳೆದು ನೋಡುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ.

ಆ ವರ್ಷ ಮಾತ್ರ ಅವಳಿಗೆ ಕಣ್ಣೇ ಕೈಕೊಟ್ಟಿತು. ಸೀಮೆಸುಣ್ಣದ ಗೆರೆ ಮಂಜಿನಲ್ಲಿ ಕರಗಿದಂತೆ ಕಾಣುತ್ತಿತ್ತು. ಹೇಳಿದರೆ ಕೆಲಸ ಹೋದೀತೆಂಬ ದಿಗಿಲು. ಗಂಡ ತೀರಿಕೊಂಡ ಮೇಲೆ ಅವಳಿಗೂ ಅತ್ತೆಗೂ ಆ ಕತ್ತರಿಯೇ ಅನ್ನ. ಬೆರಳಲ್ಲಿ ಅಂಚು ತಡವುತ್ತ ಹೇಗೋ ದಿನ ತಳ್ಳುತ್ತಿದ್ದಳು.

ಅದೇ ಹೊತ್ತಿಗೆ ಸೇತುವೆಯಾಚೆ ದೊಡ್ಡ ಕಾರ್ಖಾನೆ ತೆರೆಯಿತು. ಒಂದೇ ತಿಂಗಳಲ್ಲಿ ಇಬ್ಬರು ದರ್ಜಿಗಳು ಅತ್ತ ಜಿಗಿದರು. ಯಜಮಾನಿ ಉಳಿದವರನ್ನು ಕೂರಿಸಿಕೊಂಡಳು.

"ಅವರಷ್ಟು ಸಂಬಳ ಕೊಡೋದು ನನ್ನನ್ನೇ ಮಾರ್ಕೊಂಡ್ರೂ ಆಗಲ್ಲ. ಬೇರೆ ಏನು ಮಾಡಿದ್ರೆ ಇಲ್ಲೇ ಇರ್ತೀರಿ, ಬಾಯಿಬಿಟ್ಟು ಹೇಳಿ."

ಗುಂಡಿ ಹಾಕುವವಳು, ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ಮನೆಯಲ್ಲಿರಬೇಕು ಎಂದಳು. ಇಸ್ತ್ರಿಯಣ್ಣ, "ಕಾಯಿಲೆ ಬಿದ್ದಾಗ ಸಂಬಳ ಕತ್ತರಿಸಬೇಡಿ. ಕತ್ತರಿಸೋಕೆ ಅಂತಾನೇ ಅಕ್ಕ ಇದಾಳಲ್ಲ!" ಎಂದ. ಎಲ್ಲರೂ ನಕ್ಕರು. ಕತ್ತರಿಯಕ್ಕ ಮಾತ್ರ "ನನಗೇನೂ ಬೇಡಮ್ಮ" ಎಂದು ತಲೆ ತಗ್ಗಿಸಿದಳು.

ಎರಡು ತಿಂಗಳೊಳಗೆ ಕೇಳಿದ್ದೆಲ್ಲ ನಡೆಯಿತು. ಜೊತೆಗೆ ಎಲ್ಲರಿಗೂ ಆರೋಗ್ಯ ವಿಮೆ, ವರ್ಷಕ್ಕೊಮ್ಮೆ ವೈದ್ಯರ ತಪಾಸಣೆ. ತಪಾಸಣೆಯ ದಿನ ಕತ್ತರಿಯಕ್ಕ ಹಿಂದಿನ ಕೋಣೆಯಲ್ಲಿ ಬಟ್ಟೆಯ ಥಾನುಗಳ ನಡುವೆ ಅಡಗಿ ಕೂತಳು. ಯಜಮಾನಿಯೇ ಹುಡುಕಿಕೊಂಡು ಬಂದಳು.

"ಕಣ್ಣು ಕಾಣಲ್ಲ ಅಂತ ಗೊತ್ತಾದ್ರೆ ನನ್ನ ಇಟ್ಕೋತೀರಾ?" ಕತ್ತರಿಯಕ್ಕ ಥಾನಿನ ಮರೆಯಿಂದಲೇ ಕೇಳಿದಳು.

"ನಂಗೆ ಆಗ್ಲೇ ಗೊತ್ತು ಅಕ್ಕ. ನೀಲಿ ಅಂಗಿಗೆ ಕಪ್ಪು ಕಾಲರು ಬಂದಿತ್ತು. ನೀನು 'ಏನೂ ಬೇಡ' ಅಂದ್ಯಲ್ಲ, ಅದಕ್ಕೇ ವಿಮೆ ಮಾಡಿಸಿದ್ದು. ಹಳೇ ಕಾಯಿಲೆಗೂ ನಡೆಯುತ್ತಾ ಅಂತ ಎರಡು ಸಲ ಕೇಳಿದೀನಿ. ಏಳು, ಬಾ."

ಪೊರೆ ಬೆಳೆದಿತ್ತು, ಅಷ್ಟೇ. ಒಂದರ ಹಿಂದೆ ಒಂದು, ಎರಡೂ ಕಣ್ಣಿಗೆ ಶಸ್ತ್ರಚಿಕಿತ್ಸೆಯಾಯಿತು. ಆರು ವಾರ ರಜೆ, ಸಂಬಳ ತಪ್ಪಲಿಲ್ಲ. ಅಷ್ಟು ದಿನ ಯಜಮಾನಿಯೇ ಕತ್ತರಿ ಹಿಡಿದಳು. ಅವಳು ಕೆಡಿಸಿದ ಬಟ್ಟೆಯಿಂದ ಬೀದಿಗೆಲ್ಲ ಒರಸುಬಟ್ಟೆ ಹಂಚಬಹುದೆಂದು ಇಸ್ತ್ರಿಯಣ್ಣ ಕತ್ತರಿಯಕ್ಕನ ಮನೆಗೆ ಬಂದು ಚಾಡಿ ಹೇಳಿದ.

ಕಟ್ಟು ಬಿಚ್ಚಿದ ದಿನ ಅವಳು ಅತ್ತೆಯ ಮುಖವನ್ನೇ ನೋಡಿದಳು. "ಅತ್ತೆ, ಇಷ್ಟೊಂದು ಸುಕ್ಕು ಯಾವಾಗ ಬಂತು?"

"ನಿನ್ನ ಕಣ್ಣು ತಪ್ಪಿಸಿ ಬಂತು ಕಣೇ," ಎಂದು ಮುದುಕಿ ನಗುತ್ತಲೇ ಅತ್ತುಬಿಟ್ಟಳು.

ಅದೇ ವಾರ ಕಾರ್ಖಾನೆಯಲ್ಲಿ ದುಡಿಯುವ ತಂಗಿ ಬಂದಳು. "ಅಕ್ಕ, ನಮ್ಮಲ್ಲಿ ಒಂದೂವರೆ ಪಟ್ಟು ಸಂಬಳ. ನಾಳೇನೇ ಬಾ ಅಂದಿದಾರೆ."

"ಕಣ್ಣು ಕಾಣದೇ ಇದ್ದಾಗ ಕರೀತಿದ್ರಾ?"

"ಅದೊಂದು ಋಣಕ್ಕೆ ಜೀವಮಾನ ಪೂರ್ತಿ ಅಲ್ಲೇ ಇರ್ತೀಯಾ?"

"ಋಣ ಇದ್ದೇ ಇದೆ, ತೀರಿಸೋಕೂ ಆಗಲ್ಲ. ಆದ್ರೆ ಅಲ್ಲಿ ಕೂತ್ರೆ ನಂಗೆ ಹೆದರಿಕೆ ಆಗಲ್ಲ ಕಣೇ. ಆ ನೆಮ್ಮದಿ ಎಷ್ಟು ಪಟ್ಟು ಅಂತ ಲೆಕ್ಕ ಹಾಕ್ತೀಯ?"

ಸೋಮವಾರ ಅವಳು ಅಂಗಡಿಗೆ ಹೋಗಿ ಯಜಮಾನಿಯ ಎರಡೂ ಕೈ ಹಿಡಿದುಕೊಂಡಳು. ಹಿಡಿದ ಕೈಗಳನ್ನು ಕಣ್ಣಿಗೊತ್ತಿಕೊಂಡಳು.

"ಗೊತ್ತಾಯ್ತು ಬಿಡು," ಎಂದಳು ಯಜಮಾನಿ, ಅವಳ ಕಣ್ಣೂ ತುಂಬಿತ್ತು. "ಇನ್ನೂರು ಅಂಗಿ ಕಾಯ್ತಿವೆ."

ಕತ್ತರಿಯಕ್ಕ ಮುಖ ಒರೆಸಿಕೊಂಡು ಮೇಜಿನ ಮೇಲೆ ಬಟ್ಟೆ ಹರಡಿದಳು.