ಭೂಮಿಗಿಳಿದ ತಂತಿ

ಕಾಮಾಕ್ಷಿಪಾಳ್ಯದ ಹನುಮಕ್ಕನ ಮನೆಗೆ ಕರೆಂಟು ಬಂದ ದಿನ ಬೀದಿಗೆ ಬೀದಿಯೇ ನೋಡಲು ಬಂದಿತ್ತು. ಮಗ ಮರಿಯಪ್ಪ ಬಸ್ ಕಂಡಕ್ಟರು. ಅವನ ಖಾಕಿ ಬಟ್ಟೆ ಸದಾ ಗರಿಗರಿಯಾಗಿರಬೇಕು. ದೀಪ ಹತ್ತಿದ್ದೇ ತಡ, ಪೇಟೆಗೆ ಹೋಗಿ ಕರೆಂಟಿನ ಇಸ್ತ್ರಿ ಪೆಟ್ಟಿಗೆ ತಂದುಬಿಟ್ಟ. ಕೆಂಡ ಬೇಡ, ಬೂದಿ ಬೇಡ. ಹೊಸದಾಗಿ ಮದುವೆಯಾಗಿ ಬಂದಿದ್ದ ಸೊಸೆ ಪುಟ್ಟಲಕ್ಷ್ಮಿ ಅದನ್ನು ಸೆರಗಿನಿಂದ ಒರೆಸಿ ಒರೆಸಿ ಇಡುತ್ತಿದ್ದಳು.

ಹನುಮಕ್ಕನಿಗೂ ಸಂತೋಷವೇ. ಒಂದೇ ಒಂದು ವಿಷಯ ಮಾತ್ರ ಮನಸ್ಸಿಗೆ ಮುಳ್ಳಾಗಿತ್ತು. ಮೀಟರಿನ ಹತ್ತಿರದಿಂದ ಒಂದು ತಂತಿ ಗೋಡೆಗುಂಟ ಇಳಿದು, ಹಿತ್ತಲ ಕಣದ ಅಂಚಿನಲ್ಲಿ ನೆಲದೊಳಕ್ಕೆ ಹೋಗಿತ್ತು. ವರ್ಷ ವರ್ಷವೂ ರಾಗಿ ರಾಶಿ ಹಾಕಿ ಪೂಜೆ ಮಾಡುವ ಜಾಗ ಅದು. ಬೆಳಿಗ್ಗೆ ಎದ್ದರೆ ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಹನುಮಕ್ಕ ಕಾಲು ಕೆಳಗಿಡುತ್ತಿರಲಿಲ್ಲ.

ರಾಜಾಜಿನಗರದ ಹೊಸ ಬಡಾವಣೆಯಿಂದ ದಿನಾ ಹಾಲಿಗೆ ಬರುತ್ತಿದ್ದ ವಿಜ್ಞಾನದ ಮೇಷ್ಟ್ರು ಚಕ್ರಪಾಣಿಯವರನ್ನು ಕೇಳಿಯೇಬಿಟ್ಟಳು.

"ಮೇಷ್ಟ್ರೇ, ಆ ತಂತಿನ ಯಾಕೆ ನೆಲಕ್ಕೆ ಇಳ್ಸವ್ರೆ?"

"ಅದು ಅರ್ತ್ ತಂತಿ ಹನುಮಕ್ಕ. ಇಸ್ತ್ರಿ ಪೆಟ್ಟಿಗೆ ವೈರು ಸವೆದು ಕಬ್ಬಿಣಕ್ಕೆ ತಗುಲ್ತು ಅನ್ಕೊಳ್ಳಿ. ಪೆಟ್ಟಿಗೆಗೆಲ್ಲ ಕರೆಂಟ್ ಬಂದ್ಬಿಡತ್ತೆ. ಈ ತಂತಿ ಇದ್ರೆ ಅದು ನೆಲಕ್ಕೆ ಹೋಗತ್ತೆ, ಫ್ಯೂಸ್ ಸುಟ್ಟು ಕರೆಂಟ್ ನಿಂತ್ಹೋಗತ್ತೆ. ಇಲ್ದಿದ್ರೆ ಮುಟ್ಟಿದವರ ಮೈ ಮೇಲೇನೇ ಹಾದುಹೋಗತ್ತೆ."

"ಅಂದ್ರೆ ನಮಗೆ ಬ್ಯಾಡದ್ದನ್ನ ಭೂಮ್ತಾಯಿಗೆ ಉಣ್ಸೋದಾ? ಅನ್ನ ಕೊಡೋಳ್ಗೇ ಶಾಕ್ ಕೊಡೋದಾ?"

"ಸಿಡಿಲನ್ನೇ ನುಂಗೋಳು ಅವಳು, ಇದ್ಯಾವ ಲೆಕ್ಕ? ನೀವು ತಂತಿ ಮಾತ್ರ ಮುಟ್ಬೇಡಿ. ದಿನಾ ಅಲ್ಲಿಗೊಂದು ಚೊಂಬು ನೀರು ಹಾಕಿ. ತಂತಿ ಬುಡದ ನೆಲ ಒದ್ದೆ ಇದ್ರೆ ಕರೆಂಟ್ ಸಲೀಸಾಗಿ ಒಳಗಿಳಿಯತ್ತೆ."

ಹನುಮಕ್ಕ ತಲೆಯಾಡಿಸಿದಳು. ತಲೆಯಾಡಿಸುವುದಕ್ಕೆ ಏನು ಖರ್ಚು?

ಸುಗ್ಗಿ ಬಂತು. ಕಣ ಸಾರಿಸುವ ದಿನ ಅವಳಿಗೆ ತಡೆಯಲಾಗಲಿಲ್ಲ. ಗುದ್ದಲಿ ತಂದು ಅಗೆದು, ತಂತಿಯನ್ನು ಕಿತ್ತು, ಸುರುಳಿ ಸುತ್ತಿ ಗೋಡೆಯ ಮೊಳೆಗೆ ನೇತುಹಾಕಿದಳು. ಆಮೇಲೆ ನೆಲಕ್ಕೆ ಅಡ್ಡಬಿದ್ದು, "ತಪ್ಪಾಯ್ತು ಕಣವ್ವಾ" ಎಂದು ಬೇಡಿಕೊಂಡಳು. ಸಂಜೆ ಗುಂಡಿ ಒತ್ತಿದರೆ ದೀಪ ಎಂದಿನಂತೆ ಹತ್ತಿತು.

"ನೋಡ್ದೇನೇ? ಅದಿಲ್ದಿದ್ರೂ ನಡೀತದೆ" ಎಂದು ಸೊಸೆಗೆ ಹೇಳಿ ನಕ್ಕಳು. ಮರಿಯಪ್ಪನೂ ನಕ್ಕ. ಮೇಷ್ಟ್ರಿಗೆ ಯಾರೂ ಹೇಳಲಿಲ್ಲ.

ಕೆಲವು ದಿನ ಕಳೆದ ಮೇಲೆ ಪುಟ್ಟಲಕ್ಷ್ಮಿ ಅಂದಳು, "ಅತ್ತೆ, ಪೆಟ್ಟಿಗೆ ಮುಟ್ಟಿದ್ರೆ ಕೈ ಜುಮ್ ಅಂತದೆ."

"ಹೊಸದಲ್ವೇನೇ? ಇನ್ನೂ ಕೈಗೆ ಪಳಗಿಲ್ಲ. ಉಜ್ಜು, ಅವ್ನಿಗೆ ಹೊತ್ತಾಯ್ತದೆ."

ಆ ಹುಡುಗಿ ಎದುರು ಮಾತಾಡುವವಳಲ್ಲ.

ಶುಕ್ರವಾರ ಬೆಳಿಗ್ಗೆ ಹನುಮಕ್ಕ ಮನೆಯೆಲ್ಲ ಸಗಣಿ ಹಾಕಿ ಸಾರಿಸಿದ್ದಳು. ನೆಲ ಇನ್ನೂ ಹಸಿ. ಮರಿಯಪ್ಪ ಬಚ್ಚಲಲ್ಲಿದ್ದ. ಪುಟ್ಟಲಕ್ಷ್ಮಿ ಬರಿಗಾಲಲ್ಲಿ ಕೂತು, ಮಡಿಸಿದ ಕಂಬಳಿಯ ಮೇಲೆ ಅಂಗಿ ಹರಡಿ, ಪೆಟ್ಟಿಗೆ ಹಿಡಿದಳು. ಒಂದು ಕೂಗೂ ಕೇಳಲಿಲ್ಲ. ಹನುಮಕ್ಕ ಹಾಲು ಕರೆದುಕೊಂಡು ಒಳಗೆ ಬಂದರೆ ಸೊಸೆ ಪಕ್ಕಕ್ಕೆ ಉರುಳಿದ್ದಾಳೆ, ಕೈ ಮಾತ್ರ ಪೆಟ್ಟಿಗೆಯನ್ನು ಬಿಟ್ಟಿಲ್ಲ.

"ಅಯ್ಯೋ ಮಗಳೇ!" ಎಂದು ಹನುಮಕ್ಕ ನುಗ್ಗಿದಳು.

"ಮುಟ್ಬೇಡಿ! ನೀವೂ ಹೋಗ್ತೀರಿ!" ಹಾಲಿಗೆ ಬಂದಿದ್ದ ಮೇಷ್ಟ್ರು ಬಾಗಿಲಿಂದಲೇ ಕೂಗಿ, ಓಡಿಬಂದು ಮೇನ್ ಸ್ವಿಚ್ ಆರಿಸಿದರು. ಪುಟ್ಟಲಕ್ಷ್ಮಿಯ ಕೈ ಆಗ ಸಡಿಲವಾಯಿತು. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಮದುವೆಯ ಹಸಿರು ಬಳೆಗಳು ಒಂದೂ ಒಡೆದಿರಲಿಲ್ಲ.

ಪೆಟ್ಟಿಗೆಗೆ ಸೇರುವ ಕಡೆ ವೈರಿಗೆ ಸುತ್ತಿದ್ದ ಬಟ್ಟೆ ಸವೆದು ತಾಮ್ರ ಕಬ್ಬಿಣಕ್ಕೆ ತಗುಲಿತ್ತು. ಮೇಷ್ಟ್ರು ಹಿತ್ತಲಿಗೆ ಹೋದರು. ಮೊಳೆಯ ಮೇಲಿನ ಸುರುಳಿ ಕಂಡಿತು. ಬೈಯುತ್ತಾರೆ ಎಂದು ಹನುಮಕ್ಕ ಕಾದಳು. ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ತಿಥಿ ಕಳೆದ ಮೇಲೆ ಮೇಷ್ಟ್ರೇ ಮುಂದೆ ನಿಂತು ತಂತಿಯನ್ನು ಮತ್ತೆ ನೆಲಕ್ಕೆ ಇಳಿಸಿದರು. ನೆರೆಮನೆಯ ಪಾಪಮ್ಮನೂ ತನ್ನ ಮನೆಯದನ್ನು ತೋರಿಸಿ ಸರಿಮಾಡಿಸಿಕೊಂಡಳು. ಹನುಮಕ್ಕ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ನೋಡಿದಳು. ಕೊನೆಗೆ ಕೇಳಿದಳು.

"ಮೇಷ್ಟ್ರೇ, ದಿಟವಾಗ್ಲೂ ಭೂಮ್ತಾಯಿ ಅದನ್ನ ನುಂಗ್ಕೋತಿದ್ಲಾ?"

"ನುಂಗ್ತಿದ್ಲು ಹನುಮಕ್ಕ."

"ಅವ್ಳಿಗೆ ನೋವಾಗ್ತಿರ್ಲಿಲ್ವಾ?"

"ಏನೂ ಆಗ್ತಿರಲಿಲ್ಲ."

ಆಗ ಅವಳು ಅತ್ತ ಅಳುವನ್ನು ಬರೆಯುವುದಕ್ಕೆ ನಮಗೆ ಕೈ ಬರುವುದಿಲ್ಲ. ಮರಿಯಪ್ಪ ಈಗ ಮುದುಡಿದ ಖಾಕಿ ಹಾಕಿಕೊಂಡೇ ಕೆಲಸಕ್ಕೆ ಹೋಗುತ್ತಾನೆ. ತಾಯಿಯೊಂದಿಗೆ ಮಾತಿಲ್ಲ. ಹನುಮಕ್ಕ ದಿನಾ ಬೆಳಿಗ್ಗೆ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ಸೊಸೆ ತವರಿನಿಂದ ತಂದಿದ್ದ ಚೊಂಬಿನಲ್ಲಿ ತಂತಿಯ ಬುಡಕ್ಕೆ ನೀರು ಹುಯ್ಯುತ್ತಾಳೆ.

ತಾಯಂದಿರೇ, ಅಣ್ಣಂದಿರೇ, ಕರೆಂಟಿನ ಮೇಲೆ ಕೋಪ ಬೇಡ. ಆದರೆ ಅದರ ಜೊತೆ ಸಲಿಗೆಯೂ ಬೇಡ. ನೆಲಕ್ಕಿಳಿದ ತಂತಿಯನ್ನು ಕೀಳಬೇಡಿ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ಕರೆಂಟಿನ ಸಾಮಾನು ಹಿಡಿಯಬೇಡಿ. ಕೈ ಜುಮ್ಮೆಂದರೆ ಅಂದೇ ನಿಲ್ಲಿಸಿ, ತಿಳಿದವರಿಗೆ ತೋರಿಸಿ. ಯಾರಾದರೂ ಸಿಕ್ಕಿಹಾಕಿಕೊಂಡರೆ ಅವರನ್ನು ಮುಟ್ಟುವ ಮೊದಲು ಸ್ವಿಚ್ ಆರಿಸಿ. ಮನೆಯ ಹೆಣ್ಣುಮಗಳು ಏನೋ ಸರಿಯಿಲ್ಲ ಅಂದರೆ ದಯಮಾಡಿ ಕಿವಿಗೊಡಿ.

ಇದನ್ನು ಓದಿ ಮುಗಿಸಿದ ಕೂಡಲೇ ಎದ್ದು ನಿಮ್ಮ ಹಿತ್ತಲಿಗೆ ಹೋಗಿ, ತಂತಿ ನೆಲದಲ್ಲಿದೆಯೇ ನೋಡಿ. ಪೆಟ್ಟಿಗೆ ಹಿಡಿಯುವ ಕೈ ನಿಮ್ಮ ಮನೆಯಲ್ಲಿ ಇನ್ನೂ ಇರುವಾಗಲೇ ನೋಡಿ.