ತೇಯಲಾರದ ಚಿನ್ನ

ಬಿಳಿ ಕೈಗವಸು ತೊಟ್ಟ ಎರಡು ಕೈಗಳು. ಅಕ್ಕನ ಗಂಡ ಶ್ರೀಪಾದನನ್ನು ನೆನೆದರೆ ಇವತ್ತಿಗೂ ನನಗೆ ಮೊದಲು ಕಾಣುವುದು ಅವೇ. ಎದುರಿಗೆ ‘ಭಾವನೋರೆ’ ಎನ್ನುತ್ತಿದ್ದೆ, ನಿಜ. ಬರೆಯಲು ಕೂತರೆ ಅಷ್ಟು ಮರ್ಯಾದೆ ಕೊಡಲು ಕೈ ಏಳುವುದಿಲ್ಲ.

ಆ ಗವಸು ರಷ್ಯಾದ ಸ್ಮರಣಾರ್ಥ ನಾಣ್ಯಗಳನ್ನು ಮುಟ್ಟುವುದಕ್ಕೆ. ಚಿನ್ನದ ಕರಡಿ, ಬೆಳ್ಳಿಯ ನರ್ತಕಿ, ಗುಮ್ಮಟಗಳ ಇಗರ್ಜಿ, ಒಂದೊಂದೂ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯೊಳಗೆ ಭದ್ರ. ಕನ್ನಡಿಯಂಥ ಮೆರುಗು, ಬೆರಳು ತಗುಲಿದರೆ ಹಾಳು. ನೋಡಲು ಬಂದವರು ಮಾರು ದೂರ ಕೂರಬೇಕಿತ್ತು. ಅವುಗಳ ಮೇಲಿನ ಒಂದಕ್ಷರವನ್ನೂ ಓದಲು ಬಾರದ ಆ ಮಹಾಶಯ, ಇದೆಲ್ಲ ನಿಮಗೆಲ್ಲಿ ಅರ್ಥವಾಗಬೇಕು ಎಂದು ಬಂದವರನ್ನೇ ಕಂಡು ಮರುಗುತ್ತಿದ್ದ.

ಅಕ್ಕ ವನಮಾಲೆಯ ಮೊದಲ ಮಗು ಹೆಸರಿಡುವ ಮುಂಚೆಯೇ ಹೋಗಿತ್ತು. ಎರಡನೆಯದು ಹುಟ್ಟಿದಾಗ ಅವಳ ಅತ್ತೆ ಭಾಗೀರಥಮ್ಮ ಒಂದು ಶಾಸ್ತ್ರವೂ ತಪ್ಪಕೂಡದೆಂದು ಹಟ ಹಿಡಿದರು. ನಾಮಕರಣದ ದಿನ ಕಲ್ಲಿನ ಮೇಲೆ ಜೇನಿನಲ್ಲಿ ಚಿನ್ನ ತೇದು ಮಗುವಿನ ನಾಲಿಗೆಗೆ ಸವರುವುದು ಆ ಮನೆಯ ಪದ್ಧತಿ. ಕಲ್ಲು ಮುಂದಿಟ್ಟುಕೊಂಡು ಅವರು ಸೊಸೆಯ ಉಂಗುರ ಕೇಳಿದರು. ಅಕ್ಕ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಸೆರಗು ಸರಿದಾಗ ಕೊರಳಲ್ಲಿ ಕಂಡದ್ದು ದಾರಕ್ಕೆ ಕಟ್ಟಿದ ಅರಿಶಿನದ ಕೊಂಬು ಮಾತ್ರ. ತಾಳಿಯೂ ಹೋಗಿತ್ತು. ಎಲ್ಲಿಗೆಂದು ಕೇಳಬೇಕಿರಲಿಲ್ಲ, ನಾಣ್ಯಗಳು ಪುಕ್ಕಟೆ ಬರುವುದಿಲ್ಲ. ಕರಡಿಯ ಹೊಟ್ಟೆ ದೊಡ್ಡದು.

ಭಾಗೀರಥಮ್ಮ ಮಗನಿಗೆ ಒಂದು ನಾಣ್ಯ ತರಲು ಹೇಳಿದರು. ಅವನು ಗವಸು ತೊಟ್ಟು ಚಿನ್ನದ ಕರಡಿಯನ್ನು ತಂದ. ತಂದ, ಆದರೆ ಡಬ್ಬಿ ತೆರೆಯಲಿಲ್ಲ. ಮುಚ್ಚಿದ ಪ್ಲಾಸ್ಟಿಕ್ಕನ್ನೇ ಜೇನಿನ ಬಟ್ಟಲಿಗೆ ತಾಗಿಸಿ ಅಮ್ಮನ ಕಡೆ ಚಾಚಿದ.

“ಹೀಗೇ ಸವರಮ್ಮ. ಒಳಗಿರೋದು ಚಿನ್ನಾನೇ ತಾನೆ?”

ಊಟಕ್ಕಿಲ್ಲದ ಉಪ್ಪಿನಕಾಯಿ ಎನ್ನುತ್ತಾರೆ. ಇಲ್ಲಿ ಉಪ್ಪಿನಕಾಯಿಯ ಜಾಡಿಯನ್ನೇ ನೆಕ್ಕಿಸಲು ಹೊರಟಿದ್ದ.

ಭಾಗೀರಥಮ್ಮ ಬಯ್ಯಲಿಲ್ಲ. ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ತಮ್ಮ ಮೂಗುಬೊಟ್ಟಿನ ತಿರುಪಿಗೆ ಕೈ ಹಾಕಿದರು. ವರ್ಷಗಟ್ಟಲೆ ಬಿಚ್ಚದೆ ಅದು ಬಿಗಿದುಕೊಂಡಿತ್ತು. ಅಕ್ಕ ಎಣ್ಣೆ ಬಿಟ್ಟು ಮೆಲ್ಲಗೆ ಬಿಚ್ಚಿಕೊಟ್ಟಳು. ಮುದುಕಿಯ ಕಣ್ಣಲ್ಲಿ ನೀರಾಡಿತು, ನೋವಿಗೆ ಮಾತ್ರವಲ್ಲ. ಅವರು ಅದನ್ನು ಕಲ್ಲಿನ ಮೇಲೆ ತೇಯತೊಡಗಿದಾಗ ಮಗರಾಯ ಬಗ್ಗಿ ನೋಡಿ, ಸಾಕಮ್ಮ, ಸವೆದುಹೋಗುತ್ತದೆ ಎಂದ.

ಭಾಗೀರಥಮ್ಮ ಅವನತ್ತ ತಿರುಗಲೂ ಇಲ್ಲ. ಸೊಸೆಗೆ ಹೇಳಿದರು:

“ಹೌದು ಕಣೇ, ಒಂದೇ ಗೆರೆ ಸಾಕು. ಇವನಿಗೂ ಇದನ್ನೇ ತೇದಿದ್ದೆ. ಆವಾಗ ಜಾಸ್ತಿ ಆಗ್ಬಿಡ್ತು.”

ಬೆರಳ ತುದಿಯಿಂದ ಒಂದಿಷ್ಟು ಸವರಿ, ಮೂಗುಬೊಟ್ಟನ್ನು ಅಕ್ಕನ ಅಂಗೈಯಲ್ಲಿಟ್ಟು ಅವಳ ಬೆರಳುಗಳನ್ನು ತಾವೇ ಮಡಚಿದರು. ಮಗು ಇನ್ನೂ ಬೇಕೆಂಬಂತೆ ನಾಲಿಗೆ ಚಾಚಿತು. ಅಜ್ಜಿ ಕಲ್ಲನ್ನು ದೂರ ಸರಿಸಿದರು.